ಮುಳ್ಳಣ್ಣ ಸ್ಲೇಟು ಒರೆಸಿದ ದಿನ

ಸೊಂಟ ನೋವು ಯಾರಿಗಿಲ್ಲ ಹೇಳಿ? ಬಟ್ಟೆ ಒಗೆಯುವವರಿಗಿದೆ, ಬಸ್ಸು ಓಡಿಸುವವರಿಗಿದೆ, ಕುರ್ಚಿಗೆ ಅಂಟಿಕೊಂಡು ಕೂರುವ ಗುಮಾಸ್ತರಿಗಂತೂ ಇದ್ದೇ ಇದೆ. ನಾಲ್ಕು ದಿನ ಕಾಡುತ್ತದೆ, ಬಿಸಿನೀರಿನ ಶಾಖ ಕೊಟ್ಟರೆ ಹೊರಟುಹೋಗುತ್ತದೆ. ಆದರೆ ಕೆಲವರ ಮನೆಗೆ ನೋವು ನೆಂಟನ ಹಾಗೆ ಬಂದು, ಕೊನೆಗೆ ಯಜಮಾನನ ಹಾಗೆ ಕೂತುಬಿಡುತ್ತದೆ. ಅಂಥ ಒಂದು ಮನೆಯ ಕಥೆ ಇದು.

ಮನೆಯ ನಿಜವಾದ ಯಜಮಾನ ತಕ್ಕಡಿ ರಿಪೇರಿ ಮಾಡುವವನು. ಎಲ್ಲರೂ ಅವನನ್ನು ಮುಳ್ಳಣ್ಣ ಅಂತಲೇ ಕರೆಯುವುದು. ತಕ್ಕಡಿಯ ಮುಳ್ಳನ್ನು ಸೊನ್ನೆಯ ಮೇಲೆ ಕೂರಿಸುವುದರಲ್ಲಿ ಅವನಷ್ಟು ನಿಪುಣ ಸುತ್ತಮುತ್ತ ಇನ್ನೊಬ್ಬನಿರಲಿಲ್ಲ. ಕೋಪವೂ ಸ್ವಲ್ಪ ಮೂಗಿನ ತುದಿಯಲ್ಲೇ ಇತ್ತು ಅನ್ನಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ತೂಗುಹಾಕಿದ ತಟ್ಟೆಗಳು, ಡಬ್ಬಿಗಳಲ್ಲಿ ಸ್ಪ್ರಿಂಗುಗಳು, ಮೇಜಿನ ಮೇಲೆ ಅವನ ತಂದೆಯ ಕಾಲದ ಹಿತ್ತಾಳೆಯ ತೂಕದ ಕಲ್ಲುಗಳ ಪೆಟ್ಟಿಗೆ.

ಒಂದೂವರೆ ವರ್ಷದ ಹಿಂದೆ ಗೋದಾಮಿನ ದೊಡ್ಡ ತಕ್ಕಡಿಯನ್ನು ಎತ್ತುವಾಗ ಸೊಂಟದಲ್ಲಿ ಚಳಕ್ ಅಂದಿತು. ಅಷ್ಟೇ. ಮೂರು ತಿಂಗಳು ಚಿಕಿತ್ಸೆಯಾಯಿತು, ಸ್ಕ್ಯಾನ್ ಆಯಿತು. "ಗಾಯ ಮಾಗಿದೆ, ಅಪಾಯದ್ದೇನೂ ಇಲ್ಲ" ಅಂದರು ಡಾಕ್ಟರು. ನೋವು ಮಾತ್ರ ಹೋಗಲಿಲ್ಲ. ಡಾಕ್ಟರು ಒಂದು ಸಲ ಕೇಳಿದ್ದರು, "ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಹೇಳಿ." ಅವರು ಕೇಳಿದ್ದು ಅದೊಂದು ದಿನದ ಲೆಕ್ಕಕ್ಕೆ. ನಮ್ಮ ಮುಳ್ಳಣ್ಣ ತೂಕದವನಲ್ಲವೇ? ಅದನ್ನೇ ಹಿಡಿದುಕೊಂಡ. ಅಡುಗೆಮನೆಯ ಬಾಗಿಲ ಪಕ್ಕ ಮಗಳ ಹಳೇ ಸ್ಲೇಟು ತೂಗುಹಾಕಿದ. ಬೆಳಿಗ್ಗೆ ಎದ್ದ ತಕ್ಷಣ ನೋವನ್ನು ಮನಸ್ಸಿನಲ್ಲೇ ತೂಗಿ ಅದರ ಮೇಲೆ ಬರೆದ: ಏಳು. ತಿಂಡಿಯಾದ ಮೇಲೆ ಒರೆಸಿ ಬರೆದ: ಏಳೂವರೆ. ಊಟಕ್ಕೆ ಮುಂಚೆ, ಊಟದ ನಂತರ, ಬಾಗಿದಾಗ, ಎದ್ದಾಗ, ಹೀಗೆ ದಿನವೆಲ್ಲಾ ತೂಗಿದ್ದೇ ತೂಗಿದ್ದು.

ಮನೆಮಂದಿಯೂ ಸ್ಲೇಟು ನೋಡಿಕೊಂಡೇ ಬದುಕುವುದನ್ನು ಕಲಿತರು. ಏಳಿದ್ದರೆ ರೇಡಿಯೋ ಬಂದ್. ಎಂಟಿದ್ದರೆ ಪಾತ್ರೆಯೂ ಸದ್ದಾಗುವಂತಿಲ್ಲ. ಹೆಂಡತಿ ಪಾಪ, ಕೂರುವ ಜಾಗದಲ್ಲೆಲ್ಲಾ ದಿಂಬು ಇಟ್ಟು, ಗಂಟೆಗೊಮ್ಮೆ "ಈಗ ಹೇಗಿದೆ ರೀ?" ಅಂತ ಕೇಳುತ್ತಿದ್ದಳು. ಎಲ್ಲಾ ಪ್ರೀತಿಯಿಂದಲೇ. ಮುಳ್ಳಣ್ಣ ಕೆಲಸದ ಮೇಜಿನ ಹತ್ತಿರ ಹೋಗುವುದನ್ನೇ ಬಿಟ್ಟ. ಹತ್ತು ನಿಮಿಷ ಕೂತರೆ ಬೆನ್ನು ಮುರಿದೇ ಹೋಗುತ್ತದೆ ಎಂಬ ಭಯ. ಕೊನೆಗೆ ಮನಸ್ಸು ಕಲ್ಲು ಮಾಡಿಕೊಂಡು, ಎದುರಿನ ಫೋನ್ ಅಂಗಡಿಯವನಿಗೆ ಮಾತು ಕೊಟ್ಟುಬಿಟ್ಟ. ಮೂರು ತಿಂಗಳು ಬಿಟ್ಟು ಅಂಗಡಿಯ ಕೀಲಿಕೈ ಅವನ ಕೈಗೆ.

ಆ ವಾರವೇ ಆರೋಗ್ಯ ಕೇಂದ್ರದ ನರ್ಸಕ್ಕ, ಕೂಸುಗಳನ್ನು ತೂಗುವ ತಕ್ಕಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು.

"ಮುಳ್ಳಣ್ಣಾ, ಖಾಲಿ ತಟ್ಟೆಗೇ ಇನ್ನೂರು ಗ್ರಾಂ ತೋರಿಸ್ತಿದೆ ಇದು. ಸೊರಗಿದ ಕೂಸನ್ನೂ ಚೆನ್ನಾಗಿ ಬೆಳೀತಿದೆ ಅಂತ ಬರ್ಕೊಂಡು ಕೂತ್ರೆ ನಾನು ಆ ತಾಯಿಗೆ ಏನು ಉತ್ತರ ಹೇಳ್ಲಿ?"

"ಈವತ್ತು ಆಗಲ್ಲ ನರ್ಸಕ್ಕ" ಅಂದಳು ಹೆಂಡತಿ. "ಸ್ಲೇಟಲ್ಲಿ ಏಳಿದೆ."

ಮುಳ್ಳಣ್ಣ ಮಲಗಿದ್ದಲ್ಲಿಂದಲೇ ಕತ್ತು ಎತ್ತಿ ನೋಡಿದ. ಖಾಲಿ ತಟ್ಟೆಗೆ ಇನ್ನೂರು ಗ್ರಾಂ! ತಕ್ಕಡಿ ರಿಪೇರಿಯವನಿಗೆ ಅದು ಕಣ್ಣಲ್ಲಿ ಬಿದ್ದ ಕಸದ ಹಾಗೆ. ತಡೆದುಕೊಳ್ಳಲಾಗಲಿಲ್ಲ. "ಇಲ್ಲಿ ತನ್ನಿ, ಬರೀ ನೋಡ್ತೀನಿ" ಅಂತ ಗೋಡೆ ಹಿಡಿದುಕೊಂಡು ಎದ್ದು ಬಂದ. ಹಿಂದಿನ ಮುಚ್ಚಳ ಬಿಚ್ಚಿದ. ಸ್ಪ್ರಿಂಗನ್ನು ಬೆಳಕಿಗೆ ಹಿಡಿದ. "ಓಹೋ, ಯಾರೋ ಎಳೆದು ಹಿಗ್ಗಿಸಿದಾರೆ. ಮುಟ್ಟಿದ್ರೆ ಸಾಕು, ಬೆಚ್ಚಿಬೀಳುತ್ತೆ ಇದು" ಅಂತ ತನ್ನಷ್ಟಕ್ಕೇ ಗೊಣಗಿಕೊಂಡ. ಬೇರೆ ಸ್ಪ್ರಿಂಗ್ ಹುಡುಕಿ ಹಾಕಿದ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ, ಚಿಕ್ಕ ಕಲ್ಲು ಇಟ್ಟ, ತೆಗೆದ, ಇನ್ನೊಂದು ಇಟ್ಟ. ಮುಳ್ಳು ಬಂದು ಸೊನ್ನೆಯ ಮೇಲೆ ತಣ್ಣಗೆ ನಿಂತಿತು.

"ಎಷ್ಟು ಹೊತ್ತಾಯ್ತು ಗೊತ್ತಾ ಮುಳ್ಳಣ್ಣ?" ಅಂದರು ನರ್ಸಕ್ಕ.

ಗೋಡೆಯ ಗಡಿಯಾರ ನೋಡಿದ. ಮೂವತ್ತೈದು ನಿಮಿಷ! ಮೂವತ್ತೈದು ನಿಮಿಷ ಅವನು ಆ ಸ್ಟೂಲಿನ ಮೇಲೆ ಕೂತಿದ್ದ. ಹಾಗಂತ ಗೊತ್ತಾದ ಗಳಿಗೆಯಲ್ಲೇ ಸೊಂಟದಲ್ಲಿ ನೋವು ಭಗ್ಗನೆ ಹತ್ತಿಕೊಂಡಿತು. ಮುಳ್ಳಣ್ಣ ಮೇಜು ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟ. "ಅರೆ! ಇಷ್ಟು ಹೊತ್ತು ಎಲ್ಲಿ ಹೋಗಿತ್ತು ಇದು?"

"ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ."

ಮುಳ್ಳಣ್ಣನ ಮುಖ ಕೆಂಪಾಯಿತು. "ಅಂದ್ರೇನು ನರ್ಸಕ್ಕ? ಇಷ್ಟು ದಿನ ನಾನು ನಾಟಕ ಆಡ್ತಿದ್ದೆ ಅಂತಲಾ?"

"ಅಯ್ಯೋ, ಕೂತ್ಕೊಳ್ಳಿ ಮಾರಾಯ್ರೇ. ಈ ತಕ್ಕಡಿ ಮುಳ್ಳು ಇನ್ನೂರು ಗ್ರಾಂ ತೋರಿಸ್ತಿತ್ತಲ್ಲ, ಅದು ನಾಟಕ ಆಡ್ತಿತ್ತಾ?"

"ಮುಳ್ಳು ಯಾಕೆ ನಾಟಕ ಆಡುತ್ತೆ? ಒಳಗೆ ಸ್ಪ್ರಿಂಗ್ ಎಳೀತು, ಮುಳ್ಳು ಹೋಯ್ತು."

"ನಿಮ್ಮದೂ ಹಾಗೇ. ನೋವು ನಿಜ, ನೂರಕ್ಕೆ ನೂರು ನಿಜ. ಮೊದಲು ಪೆಟ್ಟು ಬಿದ್ದಾಗ ಸೊಂಟದ ನರ ಮಿದುಳಿಗೆ ಸುದ್ದಿ ಕೊಡ್ತು, ಜೋಪಾನ ಅಂತ. ಒಳ್ಳೇದೇ ಮಾಡ್ತು. ಪೆಟ್ಟು ಮಾಗಿದ್ರೂ ನರ, ಮಿದುಳು ಎರಡೂ ಬೆಚ್ಚಿಬೀಳೋದನ್ನ ಬಿಟ್ಟಿಲ್ಲ. ಭಯ, ಚಿಂತೆ, ನಿದ್ದೆಗೆಡೋದು ಎಲ್ಲಾ ಸೇರಿ ಅದನ್ನ ಇನ್ನಷ್ಟು ಎಳೀತಾ ಇರ್ತವೆ. ಅದನ್ನ ಮೆಲ್ಲಗೆ ಪಳಗಿಸೋಕೆ ದಾರಿ ಇದೆ. ನಮ್ಮ ದೊಡ್ಡಾಸ್ಪತ್ರೆ ಮಹಡಿ ಮೇಲೆ ಮನಶ್ಶಾಸ್ತ್ರಜ್ಞೆ ಮೇಡಂ ಒಬ್ಬರು ಇದಾರೆ…"

"ಮನಸ್ಸಿನ ಡಾಕ್ಟ್ರಾ?" ಮುಳ್ಳಣ್ಣ ಸ್ಕ್ರೂಡ್ರೈವರನ್ನು ಠಣ್ ಅಂತ ಕೆಳಗಿಟ್ಟ. "ನೋವಿರೋದು ಸೊಂಟದಲ್ಲಿ, ತಲೆಯಲ್ಲಲ್ಲ. ನನಗೇನು ಹುಚ್ಚು ಹಿಡಿದಿದೆಯಾ? ನಿಮ್ಮ ತಕ್ಕಡಿ ಆಯ್ತು, ತಗೊಂಡು ಹೊರಡಿ."

ನರ್ಸಕ್ಕ ನಕ್ಕರು, ಬೇಜಾರು ಮಾಡಿಕೊಳ್ಳಲಿಲ್ಲ. "ಮೂವತ್ತೈದು ನಿಮಿಷ ನೆನಪಿರ್ಲಿ" ಅಂದು ಹೋದರು.

ಎರಡು ದಿನ ಕಳೆಯಿತು. ಸಂಜೆ ಶಾಲೆಯಿಂದ ಬಂದ ಮಗಳು ಚೀಲ ಇಳಿಸಿ, ಏನೋ ಹೇಳಬೇಕೆಂದು ಬಾಯಿ ತೆರೆದುಕೊಂಡೇ ಅಪ್ಪನ ಕೋಣೆಯತ್ತ ಬಂದಳು. ದಾರಿಯಲ್ಲಿ ಸ್ಲೇಟು ನೋಡಿದಳು. ಎಂಟು. ತೆರೆದ ಬಾಯಿ ಮುಚ್ಚಿಕೊಂಡಿತು. ಬಂದ ಹಾಗೇ ತುದಿಗಾಲಲ್ಲಿ ವಾಪಸ್ಸು ಹೋದಳು. ಕಪಾಟಿನ ಕನ್ನಡಿಯಲ್ಲಿ ಮುಳ್ಳಣ್ಣನಿಗೆ ಇದೆಲ್ಲಾ ಕಾಣಿಸಿತು.

ಹೆಂಡತಿಯನ್ನು ಕರೆದ. "ಏನಂತೆ ಅವಳಿಗೆ?"

"ನಿಮ್ಮನ್ನ ಏನೋ ಕೇಳ್ಬೇಕಂತೆ. ಸ್ಲೇಟು ನಾಲ್ಕಕ್ಕಿಂತ ಕೆಳಗೆ ಇಳಿದ ದಿನ ಕೇಳ್ತಾಳಂತೆ."

"ಎಷ್ಟು ದಿನದಿಂದ ಕಾಯ್ತಿದಾಳೆ?"

ಹೆಂಡತಿ ದಿಂಬಿನ ಚೀಲ ಸರಿಮಾಡುತ್ತಾ, ಅವನ ಮುಖ ನೋಡದೇ ಹೇಳಿದಳು. "ನಾಲ್ಕು ತಿಂಗಳಾಯ್ತು ರೀ."

ಸೊಂಟದ ನೋವು ಮುಳ್ಳಣ್ಣನನ್ನು ಇಷ್ಟು ದಿನ ಅಳಿಸಿರಲಿಲ್ಲ, ಇದು ಅಳಿಸಿತು. ಮಗಳನ್ನು ಕರೆದು ಕೇಳಲು ಮುಖವಿಲ್ಲದೆ ಮಾರನೇ ದಿನವೇ ದೊಡ್ಡಾಸ್ಪತ್ರೆಗೆ ಹೊರಟ. ಆದರೆ ಯಾರಾದರೂ ನೋಡಿ ಆಡಿಕೊಂಡರೆ? ಅದಕ್ಕೊಂದು ಉಪಾಯ ಹೂಡಿದ. ರಿಪೇರಿ ಚೀಲ ಹೆಗಲಿಗೆ ಹಾಕಿಕೊಂಡ. ಯಾರು ಕೇಳಿದರೂ ಆಸ್ಪತ್ರೆ ತಕ್ಕಡಿ ನೋಡೋಕೆ ಬಂದೆ ಅಂದರಾಯಿತು!

ಉಪಾಯ ಅವನಿಗೇ ತಿರುಗಿಕೊಂಡಿತು. ಔಷಧಿ ಕೋಣೆಯವರು ನೋಡಿದರು, "ಸರಿಯಾದ ಹೊತ್ತಿಗೆ ಬಂದ್ರಿ" ಅಂತ ಒಂದು ತಕ್ಕಡಿ ಕೊಟ್ಟರು. ಅಡುಗೆ ವಿಭಾಗದವರು ಓಡಿಬಂದು ಇನ್ನೊಂದನ್ನು ತೋರಿಸಿದರು. ಮಹಡಿಯ ಕೊನೆಯ ಕೋಣೆಗೆ ಮುಟ್ಟುವಷ್ಟರಲ್ಲಿ ಅವನ ಎರಡೂ ಕೈಯಲ್ಲಿ ಕೆಟ್ಟ ತಕ್ಕಡಿಗಳು. ಬಾಗಿಲು ತೆರೆದ ಮೇಡಂ, ಅವನನ್ನೂ ತಕ್ಕಡಿಗಳನ್ನೂ ನೋಡಿ, "ನಾನು ಏನನ್ನೂ ರಿಪೇರಿಗೆ ಕೊಟ್ಟಿಲ್ಲವಲ್ಲ?" ಅಂದರು.

"ರಿಪೇರಿ ಆಗ್ಬೇಕಾಗಿರೋದು ನಾನು ಮೇಡಂ" ಅಂದ ಮುಳ್ಳಣ್ಣ. ಹೇಳಿದ ಮೇಲೆ ಅವನಿಗೇ ನಗು ಬಂತು.

ಎಣ್ಣೆಯಿಲ್ಲ, ಸೂಜಿಯಿಲ್ಲ. ಎರಡು ಕುರ್ಚಿ, ಒಂದು ಕಿಟಕಿ. ಮೇಡಂ ಮೊದಲು ಅವನ ಹಳೇ ಚೀಟಿಗಳನ್ನೆಲ್ಲಾ ಓದಿದರು. ಕಾಲಿನಲ್ಲಿ ಶಕ್ತಿ ಕುಂದಿದೆಯೇ, ಜೋಮು ಹಿಡಿದಿದೆಯೇ, ಮೂತ್ರ ಹೋಗುವುದರಲ್ಲಿ ತೊಂದರೆ ಇದೆಯೇ, ಜ್ವರ ಬರುತ್ತದೆಯೇ ಅಂತ ಕೇಳಿದರು. ಏನೂ ಇಲ್ಲವೆಂದು ಖಚಿತವಾದ ಮೇಲೆ, "ಡಾಕ್ಟರ್ ಕೊಟ್ಟ ಮಾತ್ರೆ ಅವರನ್ನ ಕೇಳದೆ ಬಿಡ್ಬೇಡಿ. ನಾವು ಮಾಡೋದು ಅದರ ಜೊತೆಗೆ" ಅಂದರು. ಆಮೇಲೆ ಮುಳ್ಳಣ್ಣ ಸ್ಲೇಟಿನ ಕಥೆ ಹೇಳಿದ. ಒಂದೂವರೆ ವರ್ಷದಲ್ಲಿ ಅವನ ಮಾತನ್ನು ಮುಕ್ಕಾಲು ಗಂಟೆ ಯಾರೂ ಹೀಗೆ ನಡುವೆ ಬಾಯಿ ಹಾಕದೆ ಕೇಳಿರಲಿಲ್ಲ.

"ಒಂದು ಅನುಮಾನ ನನಗೆ" ಅಂದರು ಮೇಡಂ. "ತಕ್ಕಡಿ ತಟ್ಟೆಗೆ ನಿಮಿಷಕ್ಕೊಮ್ಮೆ ಬೆರಳು ಮುಟ್ಟಿಸ್ತಾ ಇದ್ರೆ ಮುಳ್ಳು ಏನಾಗುತ್ತೆ?"

"ನಿಲ್ಲೋದೇ ಇಲ್ಲ. ಕುಣೀತಾನೇ ಇರುತ್ತೆ."

"ನೀವು ದಿನಕ್ಕೆ ಎಷ್ಟು ಸಲ ಮುಟ್ತೀರಿ?"

ಮುಳ್ಳಣ್ಣ ಬೆರಳು ಮಡಚಿ ಎಣಿಸತೊಡಗಿದ, ಎರಡೂ ಕೈಯ ಬೆರಳು ಮುಗಿದರೂ ಲೆಕ್ಕ ಮುಗಿಯಲಿಲ್ಲ. ಇಡೀ ಜೀವಮಾನ ಗಿರಾಕಿಗಳಿಗೆಲ್ಲಾ "ಕೈ ತೆಗೀರಿ, ಕೈ ತೆಗೀರಿ" ಅಂತ ಬೈಯುತ್ತಾ ಬಂದವನು ಅವನೇ.

ಅಲ್ಲಿಂದ ವಾರಕ್ಕೊಂದು ದಿನ ಹೋಗತೊಡಗಿದ. ಮೇಡಂ ಮಾಡಿಸಿದ್ದೆಲ್ಲಾ ನೋಡಲು ಸಣ್ಣ ಸಣ್ಣ ಕೆಲಸಗಳೇ. ನಿಧಾನವಾಗಿ ಉಸಿರು ಬಿಡುತ್ತಾ, ಬಿಗಿಹಿಡಿದ ದವಡೆಯನ್ನೂ ಹೆಗಲನ್ನೂ ಸಡಿಲಿಸುವುದು. ಮೊದಲ ದಿನ ಹೆಗಲು ಕೆಳಗಿಳಿದಾಗ ಅವನಿಗೆ ಆಶ್ಚರ್ಯವಾಯಿತು. ಇಷ್ಟು ದಿನ ಅದನ್ನು ಕಿವಿಯ ತನಕ ಎತ್ತಿಕೊಂಡೇ ತಿರುಗುತ್ತಿದ್ದೆನೆಂದು ಅವನಿಗೆ ಗೊತ್ತೇ ಇರಲಿಲ್ಲ. ಇನ್ನೊಂದು, ಗಡಿಯಾರ ನೋಡಿ ಕೂರುವುದು. ನೋವಿರಲಿ ಇಲ್ಲದಿರಲಿ ಮೇಜಿನ ಹತ್ತಿರ ಎಂಟು ನಿಮಿಷ, ಆಮೇಲೆ ಎದ್ದು ಓಡಾಟ. ಮುಂದಿನ ವಾರ ಹತ್ತು. ಆಮೇಲೆ ಹನ್ನೆರಡು. "ಚಿಕ್ಕ ಕಲ್ಲಿಂದ ಶುರುಮಾಡಿ ದೊಡ್ಡದಕ್ಕೆ ಹೋಗ್ತೀರಲ್ಲ, ಹಾಗೇ" ಅಂದರು ಮೇಡಂ. ಬೆನ್ನು ಮುರಿದೇ ಹೋಯಿತು ಎಂಬ ಯೋಚನೆ ಬಂದಾಗ ಅದನ್ನು ಹಾಳೆಯಲ್ಲಿ ಬರೆದು, ಇದಕ್ಕೆ ಸಾಕ್ಷಿ ಏನಿದೆ ಅಂತ ತಾನೇ ಕೇಳಿಕೊಳ್ಳಬೇಕು. ಸಾವಿರ ಸಲ ಮುರಿದ ಬೆನ್ನು ಒಂದು ಸಲವೂ ಮುರಿದಿರಲಿಲ್ಲ! ಹೆಂಡತಿಯನ್ನೂ ಒಂದು ದಿನ ಕರೆಸಿ ಮಾತಾಡಿದರು. ಗಂಟೆಗೊಮ್ಮೆ ನೋವು ವಿಚಾರಿಸುವ ಬದಲು ಬೇರೆ ಏನಾದರೂ ಮಾತಾಡಿ ಅಂದರು.

"ಬೇರೆ ಏನು ಮಾತಾಡೋದು ಮೇಡಂ?" ಅಂದಳು ಅವಳು. ಕೇಳಿದವಳಿಗೇ ಕಣ್ಣು ತುಂಬಿಬಂತು. ಬೇರೆ ಮಾತೇ ಮರೆತುಹೋಗಿತ್ತು ಅವರಿಗೆ.

ಎಲ್ಲಾ ಸಲೀಸಾಗಿ ನಡೆಯಿತು ಅಂದರೆ ಸುಳ್ಳಾದೀತು. ಐದನೇ ವಾರ ಮೈ ಹಗುರವೆನಿಸಿ, ಮುಳ್ಳಣ್ಣ ಹುರುಪಿನಲ್ಲಿ ಇಡೀ ಮಧ್ಯಾಹ್ನ ಕೂತು ಐದು ತಕ್ಕಡಿ ಬಿಚ್ಚಿದ. ಮಾರನೇ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. "ನೋಡಿದ್ಯಾ? ಎಲ್ಲಾ ಬುರುಡೆ. ಇನ್ನು ಹೋಗಲ್ಲ" ಅಂತ ಹೆಂಡತಿಯ ಮೇಲೆ ರೇಗಿದ. ಅವಳೇ ಬಲವಂತ ಮಾಡಿ ಕಳಿಸಿದಳು.

ಮೇಡಂ ಗಾಬರಿಯಾಗಲಿಲ್ಲ. "ಮೊದಲೆಲ್ಲಾ ಹೀಗಾದ್ರೆ ಎಷ್ಟು ದಿನ ಮಲಗ್ತಿದ್ರಿ?"

"ಹದಿನೈದು ದಿನ."

"ಈಗ?"

"ಎರಡು…" ಅಂದ ಮುಳ್ಳಣ್ಣ. ಹೇಳುತ್ತಿದ್ದಂತೆ ಅವನ ದನಿ ತಗ್ಗಿತು.

"ಸ್ಲೇಟು ಒರೆಸಿ ಅಂತ ನಾನು ಹೇಳಲ್ಲ. ಆದ್ರೆ ದಿನಕ್ಕೆ ಒಂದೇ ಸಲ, ಸಂಜೆ ಬರೀರಿ. ಪಕ್ಕದಲ್ಲಿ ಆವತ್ತು ಏನು ಮಾಡಿದ್ರಿ ಅಂತಲೂ ಬರೀರಿ."

ಹಾಗೇ ಬರೆದ. ಮರುದಿನದ್ದಕ್ಕೆ ಜಾಗವಿರಲೆಂದು ಅಕ್ಷರ ಸಣ್ಣದು ಮಾಡಿ, ಒಂದರ ಕೆಳಗೊಂದು. ಎರಡು ವಾರ ಕಳೆದ ಮೇಲೆ ಒಂದು ಸಂಜೆ ಚಾಕ್ ಹಿಡಿದು ನಿಂತವನು ಮೇಲಿನಿಂದ ಕೆಳಗೆ ಓದಿದ. ಆರು: ಎರಡು ತಕ್ಕಡಿ ಸರಿಮಾಡಿದೆ, ಹೆಂಡತಿ ಜೊತೆ ಕೆರೆ ಏರಿ ತನಕ ನಡೆದೆ. ನಾಲ್ಕು: ಮಲಗಿದ್ದೆ. ಏಳು: ಔಷಧಿ ಕೋಣೆಯ ತಕ್ಕಡಿ ಮುಗಿಸಿದೆ, ನಕ್ಕೆ. ಐದು: ಏನೂ ಇಲ್ಲ.

ಇನ್ನೊಂದು ಸಲ ಓದಿದ. ಮತ್ತೊಂದು ಸಲ. ನೋವು ಏಳಿದ್ದ ದಿನ ಅವನು ಬದುಕಿದ್ದ, ನಾಲ್ಕಿದ್ದ ದಿನ ಸುಮ್ಮನೆ ಬಿದ್ದುಕೊಂಡಿದ್ದ! ಅಂಕಿ ಹೇಳಿದ ಹಾಗೆ ದಿನ ನಡೆಯಲೇ ಇಲ್ಲ. ಹಾಗಾದರೆ ಒಂದೂವರೆ ವರ್ಷ ಇಡೀ ಮನೆ ಉಸಿರು ಬಿಗಿಹಿಡಿದು ಓದಿದ್ದು ಏನನ್ನು? ಸೊಂಟ ಅದೇ, ಸ್ಕ್ಯಾನಿನ ಚಿತ್ರ ಅದೇ, ಮೂಳೆಯಲ್ಲಿ ಒಂದು ಕೂದಲೆಳೆಯೂ ಬದಲಾಗಿರಲಿಲ್ಲ. ಆದರೂ ಅವನು ಬೇರೆಯೇ ಮನುಷ್ಯನಾಗಿ ಅಲ್ಲಿ ನಿಂತಿದ್ದ. ಈ ದೇಹದೊಳಗೆ ಇಂಥದ್ದೊಂದು ಬಾಗಿಲಿದೆ ಎಂದು ಇಷ್ಟು ದಿನ ತನಗೆ ಯಾರೂ ಹೇಳಲಿಲ್ಲವಲ್ಲ ಎನಿಸಿತು. ಹೇಳಿದ ನರ್ಸಕ್ಕನನ್ನು ತಾನೇ ಓಡಿಸಿದ್ದೂ ನೆನಪಾಯಿತು.

ಅಂಗಿಯ ತೋಳನ್ನೇ ಹಿಡಿದು ಸ್ಲೇಟನ್ನು ಪೂರಾ ಒರೆಸಿಬಿಟ್ಟ.

ಸ್ವಲ್ಪ ಹೊತ್ತಿಗೆ ಮಗಳು ಬಂದಳು. ಸ್ಲೇಟಿನ ಮುಂದೆ ನಿಂತಳು. ಬರೀ ಕಪ್ಪು. ಅವಳಿಗೆ ದಿಕ್ಕೇ ತೋಚಲಿಲ್ಲ. "ಅಪ್ಪಾ, ಇದರಲ್ಲಿ ಏನೂ ಇಲ್ಲ! ಈಗ ಹೇಗೆ ಗೊತ್ತಾಗ್ಬೇಕು?"

"ಏನು ಗೊತ್ತಾಗ್ಬೇಕು?"

"ಕೇಳ್ಬಹುದೋ ಬೇಡ್ವೋ ಅಂತ."

"ಕೇಳು. ಈಗಲೇ ಕೇಳು."

"ನೋವು ಹೋಯ್ತಾ?"

"ಇಲ್ಲಮ್ಮ, ಇದೆ. ಇದ್ರೆ ಇರ್ಲಿ. ನೀನು ಕೇಳು."

ಮಗಳು ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅಂಗಡಿ ಕೊಟ್ಟುಬಿಡೋಕೆ ಮುಂಚೆ… ಮುಳ್ಳು ಸೊನ್ನೆಗೆ ಕೂರಿಸೋದು ನನಗೆ ಹೇಳಿಕೊಡ್ತೀಯಾ? ಒಂದೇ ಒಂದು ಸಲ ಸಾಕು."

ನಾಲ್ಕು ತಿಂಗಳು ಅವಳು ಕಾಯ್ದದ್ದು, ಅದಾದ ಮೇಲೂ ಎರಡು ತಿಂಗಳು ಕಾಯ್ದದ್ದು ಇಷ್ಟು ಕೇಳುವುದಕ್ಕೆ. ಮುಳ್ಳಣ್ಣ ಮಗಳ ತಲೆಯ ಮೇಲೆ ಕೈಯಿಟ್ಟ. ಒಳಗಿನಿಂದ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು, ಸೀದುಹೋಗುತ್ತಿದ್ದ ವಾಸನೆ ಮೂವರಿಗೂ ಗೊತ್ತಾಗಲಿಲ್ಲ.

ಮೂರು ತಿಂಗಳು ತುಂಬಿದ ದಿನ ಫೋನ್ ಅಂಗಡಿಯವನು ಕೀಲಿಕೈಗೆ ಬಂದ. ಅದೇ ಹೊತ್ತಿಗೆ ನರ್ಸಕ್ಕನೂ ಕೂಸಿನ ತಕ್ಕಡಿ ತಪಾಸಣೆಗೆಂದು ಬಂದಿದ್ದರು. ಮೇಜಿನ ಮುಂದೆ ಎರಡು ಸ್ಟೂಲು. ಒಂದರ ಮೇಲೆ ಮಗಳು, ಇನ್ನೊಂದರ ಮೇಲೆ ಅಪ್ಪ. ಮಗಳು ನಾಲಿಗೆ ಕಚ್ಚಿಕೊಂಡು ತಿರುಪು ತಿರುಗಿಸುತ್ತಿದ್ದಳು. ಮುಳ್ಳು ಅಲ್ಲಾಡಿತು, ಅತ್ತ ಹೋಯಿತು, ಇತ್ತ ಬಂತು.

"ಕೈ ತೆಗಿ" ಅಂದ ಮುಳ್ಳಣ್ಣ ಮೆಲ್ಲಗೆ.

ಕೈ ತೆಗೆದಳು. ಮುಳ್ಳು ಸೊನ್ನೆಯ ಮೇಲೆ ನಿಂತಿತು. ಫೋನ್ ಅಂಗಡಿಯವನೂ ಉಸಿರು ಬಿಟ್ಟ. ನೋಡಿದವನು ತಾನೇ ನಕ್ಕು, "ಈ ಕೀಲಿಕೈ ನನಗೆ ಸಿಗೋ ಹಾಗೆ ಕಾಣಲ್ಲ ಬಿಡಿ" ಅಂದು ಹೊರಟುಹೋದ.

ಇಪ್ಪತ್ತು ನಿಮಿಷಕ್ಕೆಂದು ಇಟ್ಟಿದ್ದ ಅಲಾರಂ ಹೊಡೆಯಿತು. ಮುಳ್ಳಣ್ಣ ಎದ್ದು, ಸೊಂಟಕ್ಕೆ ಕೈಯಿಟ್ಟುಕೊಂಡು ಓಡಾಡಿದ.

"ಈವತ್ತು ನೋವು ಎಷ್ಟು ಮುಳ್ಳಣ್ಣ?" ನರ್ಸಕ್ಕ ಬೇಕೆಂದೇ ಕೇಳಿದರು.

"ಇದೆ ನರ್ಸಕ್ಕ" ಅಂದ ಮುಳ್ಳಣ್ಣ. "ತೂಗಿಲ್ಲ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಸ್ಲೇಟು ಇರಬಹುದು. ಗೋಡೆಯ ಮೇಲೆ ಕಾಣದಿದ್ದರೂ ಎಲ್ಲರ ಮುಖದ ಮೇಲೆ ಇರಬಹುದು. ಮೂರು ತಿಂಗಳು ದಾಟಿಯೂ ಬಿಡದ ನೋವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಕಾಲು ಸೋತರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರವೂ ಬಂದರೆ ಒಂದು ದಿನವೂ ಕಾಯಬೇಡಿ. ಅಪಾಯವಿಲ್ಲ ಎಂದಮೇಲೂ ನೋವು ಉಳಿದರೆ, ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಬಹುದೇ ಎಂದು ಅದೇ ಡಾಕ್ಟರನ್ನೋ ನಿಮ್ಮ ನರ್ಸಕ್ಕನನ್ನೋ ಬಾಯಿಬಿಟ್ಟು ಕೇಳಿ. ನಿಮಗೆ ಹುಚ್ಚು ಎಂದು ಯಾರೂ ಹೇಳುತ್ತಿಲ್ಲ, ನಿಮ್ಮ ನೋವು ಸುಳ್ಳು ಎಂದೂ ಹೇಳುತ್ತಿಲ್ಲ. ನೋವು ಪೂರಾ ಹೋಗುತ್ತದೆ ಎಂದು ನಾವು ಆಣೆ ಮಾಡುವುದಿಲ್ಲ. ಆದರೆ ಅದು ಹೋಗಲಿ ಎಂದು ಕಾಯುತ್ತಾ, ನಿಮ್ಮ ಮಗಳು ಕೇಳಬೇಕಾದ್ದನ್ನು ಕೇಳದೆ ತುದಿಗಾಲಲ್ಲಿ ವಾಪಸ್ಸು ಹೋಗುವುದು ಬೇಡ. ಹೋಗುವಾಗ ರಿಪೇರಿ ಚೀಲ ಹೆಗಲಿಗೆ ಹಾಕಿಕೊಂಡರೂ ಅಡ್ಡಿಯಿಲ್ಲ. ಹೋಗಿ, ಅಷ್ಟೇ.